ಹನುಮವ್ವನ ಮನೆಯ ಡಾಕ್ಟರು

ಲಗ್ಗೆರೆಯ ಆ ಬಡಾವಣೆಗೆ ಸರ್ಕಾರದ ಆರೋಗ್ಯ ಕೇಂದ್ರ ಬಂದು ಎಷ್ಟೋ ವರ್ಷವಾಗಿತ್ತು, ಡಾಕ್ಟರು ಮಾತ್ರ ಬಂದಿರಲಿಲ್ಲ. ಬಂದೇ ಇರಲಿಲ್ಲ ಅಂದರೆ ಸುಳ್ಳಾದೀತು. ಬರುತ್ತಿದ್ದರು, ನಿಲ್ಲುತ್ತಿರಲಿಲ್ಲ. ಒಬ್ಬರು ಮುಂದೆ ಓದಲು ಸೀಟು ಸಿಕ್ಕಿತೆಂದು ಹೋದರು. ಇನ್ನೊಬ್ಬರಿಗೆ ಎರಡು ಬಸ್ಸು ಹತ್ತಿ ಇಳಿದು, ಪೀಣ್ಯದ ಲಾರಿಗಳ ನಡುವೆ ದಿನಾ ಜೀವ ಕೈಯಲ್ಲಿ ಹಿಡಿದುಕೊಂಡು ಬರುವುದೇ ಸಾಕಾಗಿ ಹೋಯಿತು. ಮತ್ತೊಬ್ಬರಂತೂ ಪಕ್ಕದ ಮೋರಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಬಂದವರು ಹಾಗೆಯೇ ಮೂಗು ಮುಚ್ಚಿಕೊಂಡು ಹೋದರು. ಉಳಿದವಳು ನರ್ಸ್ ನಾಗಲಕ್ಷ್ಮಮ್ಮ ಒಬ್ಬಳೇ. ಜ್ವರಕ್ಕೊಂದು ಮಾತ್ರೆ, ನೋವಿಗೊಂದು ಮಾತ್ರೆ ಕೊಟ್ಟು, ಅದಕ್ಕೂ ಮೀರಿದ್ದಕ್ಕೆ ದೊಡ್ಡಾಸ್ಪತ್ರೆಯ ಕಡೆ ಕೈ ತೋರಿಸುತ್ತಿದ್ದಳು.

ಹೀಗಿರುವಾಗ ಗಣೇಶನ ಹಬ್ಬ ಕಳೆದ ಮೇಲೆ ಸ್ಫೂರ್ತಿ ಎಂಬ ಹುಡುಗಿ ಡಾಕ್ಟರಾಗಿ ಬಂದಳು. ಓದು ಮುಗಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ದಾವಣಗೆರೆ ಕಡೆಯವರು, ಅಪ್ಪ ಅಮ್ಮ ಈಗ ಬನಶಂಕರಿಯ ಹತ್ತಿರ ಫ್ಲ್ಯಾಟಿನಲ್ಲಿದ್ದಾರೆ, ಅಲ್ಲಿಂದ ಓಡಾಡುವುದು ಕಷ್ಟ, ಇಲ್ಲೇ ಎಲ್ಲಾದರೂ ಒಂದು ರೂಮು ಸಿಕ್ಕರೆ ಇರುತ್ತಾಳಂತೆ ಎಂದು ನಾಗಲಕ್ಷ್ಮಮ್ಮ ನಲ್ಲಿಯ ಹತ್ತಿರ ಹೇಳಿದ್ದು ಹನುಮವ್ವನ ಕಿವಿಗೆ ಬಿದ್ದದ್ದೇ ತಡ, ಆಕೆ ಕೊಡವನ್ನು ಅಲ್ಲೇ ಬಿಟ್ಟು ಕೇಂದ್ರಕ್ಕೆ ಓಡಿದಳು.

ಹನುಮವ್ವ ಗೊತ್ತಿಲ್ಲದವರು ಆ ಬೀದಿಯಲ್ಲಿಲ್ಲ. ಕುಷ್ಟಗಿ ಕಡೆಯಿಂದ ಗಂಡ ಭರಮಪ್ಪನ ಜೊತೆ ಗಾರೆ ಕೆಲಸಕ್ಕೆ ಬಂದು, ಕಂಡವರ ಮನೆಗೆಲ್ಲ ಇಟ್ಟಿಗೆ ಹೊತ್ತು, ಕೊನೆಗೆ ತನ್ನದೂ ಅಂತ ಒಂದು ಮನೆ ಎಬ್ಬಿಸಿಕೊಂಡ ಹೆಂಗಸು. ಬಾಯಿ ಜೋರು, ಕೈ ಧಾರಾಳ. ಭರಮಪ್ಪ ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್. ಮಗ ಬಸಲಿಂಗ ಅಲ್ಲೇ ಒಂದು ಶೆಡ್ಡಿನಲ್ಲಿ ಲೇತ್ ಕೆಲಸ ಮಾಡುತ್ತಾನೆ. ಸೊಸೆ ದಾನೇಶ್ವರಿ. ಕೆಳಗೆ ಇವರೆಲ್ಲ, ಮೇಲೆ ಬಾಡಿಗೆಗೆ ಕೊಡುವ ಒಂದು ರೂಮು, ಅದಕ್ಕೆ ಹೊರಗಿನಿಂದ ಮೆಟ್ಟಿಲು.

ಆಕೆಯ ಅವಸರಕ್ಕೆ ಕಾರಣವಿತ್ತು. ದಾನೇಶ್ವರಿಗೆ ಆಗ ಮೂರು ತಿಂಗಳು. ಇದಕ್ಕೂ ಮುಂಚೆ ಒಂದು ಬಸುರು ಏಳನೇ ತಿಂಗಳಲ್ಲಿ ಹೋಗಿತ್ತು. ತಲೆನೋವು, ಕಾಲುಬಾವು ಎಂದು ಇಂಜೆಕ್ಷನ್ ಹಾಕುವ ಒಬ್ಬ ಕಾಂಪೌಂಡರ್ ಹತ್ತಿರ ತೋರಿಸುತ್ತ ಕೂತು, ಕೊನೆಗೆ ಎಚ್ಚರ ತಪ್ಪಿದಾಗ ಆಟೋದಲ್ಲಿ ಹಾಕಿಕೊಂಡು ಹೊರಟರು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ಮಧ್ಯೆ ಆಟೋ ಸಿಕ್ಕಿಹಾಕಿಕೊಂಡಿತು. ಸೊಸೆ ಉಳಿದಳು, ಕೂಸು ಉಳಿಯಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ಆ ಕೂಸಿನ ಮಾತು ಯಾರೂ ಎತ್ತುವ ಹಾಗಿಲ್ಲ. ಎತ್ತಿದರೆ ಇದಕ್ಕೂ ಅದೇ ಗತಿಯಾದೀತೆಂಬ ದಿಗಿಲು ಹನುಮವ್ವನಿಗೆ.

ಸ್ಫೂರ್ತಿ ರೂಮು ನೋಡಿ ಒಪ್ಪಿದಳು. ಬಾಡಿಗೆ ಎಷ್ಟು ಎಂದು ಕೇಳಿದರೆ ಹನುಮವ್ವ ಎರಡು ಕಿವಿ ಮುಚ್ಚಿಕೊಂಡಳು. ಸಂಜೆ ಈ ಸಂಗತಿ ತಿಳಿದಾಗ ಭರಮಪ್ಪ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ.

“ಬಾಡಿಗಿ ಇಲ್ಲಂದ್ರ? ಕಿರಾಣಿ ಅಂಗಡಿಯಾಂವಗ ನಾ ಏನ್ ಹೇಳ್ಲಿ?”

“ಮನಿ ಮಗಳಿದ್ದಂಗ ಇರ್ತಾಳ. ಊಟಾನೂ ನಮ್ಮಲ್ಲೇ.”

“ಊಟಾನೂ?”

“ಬಾಡಿಗಿ ತಗೊಂಡ್ರ ಬಿಟ್ಟ ಹೋಗಾಕ ಒಂದು ಮಾತು ಸಾಕು. ನಮ್ಮನಿ ಉಪ್ಪು ತಿಂದಾಕಿ ಹಂಗ ಎದ್ದು ಹೋಗಾಕ ಬರ್ತೈತೇನು? ನಿಮಗ ತಿಳಿಯಂಗಿಲ್ಲ, ಸುಮ್ಮನ ಉಣ್ರಿ.”

ಭರಮಪ್ಪ ಸುಮ್ಮನೆ ಉಂಡ. ಹೆಂಡತಿ ಹೇಳಿದ್ದರಲ್ಲಿ ಒಂದು ಲೆಕ್ಕವಿದೆ ಎಂದು ಅವನಿಗೂ ಅನ್ನಿಸಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಚಪಾತಿ, ರಾತ್ರಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆ ಮೊಸರು. ಸ್ಫೂರ್ತಿಗೂ ಆ ಊಟ ಒಗ್ಗಿತು. ಹನುಮವ್ವನನ್ನು ಅಮ್ಮ ಎಂದು ಕರೆಯುವಳು, ದಾನೇಶ್ವರಿಯ ಜೊತೆ ಮೆಟ್ಟಿಲ ಮೇಲೆ ಕೂತು ನಗುವಳು. ಹನುಮವ್ವನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ನಮ್ಮ ಡಾಕ್ಟ್ರು, ಸೊಪ್ಪಿನವಳ ಹತ್ತಿರ ನಮ್ಮ ಡಾಕ್ಟ್ರು. ಇಟ್ಟಿಗೆ ಹೊತ್ತ ಹೆಂಗಸಿಗೆ ಬೀದಿಯಲ್ಲಿ ಇಂಥ ಮರ್ಯಾದೆ ಯಾವತ್ತು ಸಿಕ್ಕಿತ್ತು ಹೇಳಿ.

ಮರ್ಯಾದೆ ಸಿಕ್ಕ ಮೇಲೆ ಅದನ್ನು ಹಂಚಬೇಡವೇ? ಮೊದಲು ಬಂದವಳು ಪಕ್ಕದ ಮನೆಯ ಲಕ್ಷ್ಮಮ್ಮ, ಲಗ್ಗೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದವಳು. “ಅವ್ವಾ ಹನುಮವ್ವ, ಮಂಡಿ ಇಡ್ಕಂಡುಬುಟ್ಟದೆ ಕಣವ್ವ. ಆ ಸೆಂಟರ್ನಾಗೆ ಅಷ್ಟೊತ್ತು ಕುಂತ್ಕಳಕಾಯ್ತದಾ? ನಿಮ್ಮ ಡಾಕ್ಟ್ರಮ್ಮಂಗೆ ಒಂಚೂರು ಏಳು,” ಅಂದಳು. ಹನುಮವ್ವ ತಾನೇ ಕೈಹಿಡಿದು ಮೇಲೆ ಹತ್ತಿಸಿದಳು. ಸ್ಫೂರ್ತಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಕೈ ತೊಳೆದು ಮಂಡಿ ನೋಡಿದಳು, ಮುಲಾಮು ಬರೆದುಕೊಟ್ಟಳು. ವಾಪಸು ಬಂದು ಕೂತಾಗ ರೊಟ್ಟಿ ಸೆಟೆದುಕೊಂಡಿತ್ತು.

ಲಕ್ಷ್ಮಮ್ಮನ ಹಿಂದೆ ಚಿನ್ನಪ್ಪ ಬಂದ. ಬೀದಿಯ ಕೊನೆಯಲ್ಲಿ ಟೀ ಅಂಗಡಿ ಇಟ್ಟವನು, ಸಕ್ಕರೆ ಕಾಯಿಲೆ, ಅಂಗಡಿ ಬಿಟ್ಟು ಹಗಲು ಬರಲಾಗುವುದಿಲ್ಲ. ಅವನ ಹಿಂದೆ ಬಾಡಿಗೆ ರೂಮುಗಳ ಯಾದಗಿರಿಯವರು, ರಾಯಚೂರಿನವರು. ಅವರಿಗೂ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ, ಸಂಜೆಯೇ ಅನುಕೂಲ. ಕೆಮ್ಮು, ಭೇದಿ, ವೆಲ್ಡಿಂಗ್ ಕಿಡಿ ಹಾರಿದ ಕಣ್ಣು. ಮೂಗು ಸೋರುವ ಮಕ್ಕಳನ್ನು ಸೊಂಟಕ್ಕಿಟ್ಟುಕೊಂಡ ತಾಯಂದಿರು ಮೆಟ್ಟಿಲ ಮೇಲೆ ಸಾಲಾಗಿ ಕೂರತೊಡಗಿದರು. ಯಾರಿಗೂ ಇಲ್ಲ ಅನ್ನುವ ನಾಲಿಗೆ ಹನುಮವ್ವನಿಗೆ ದೇವರು ಕೊಟ್ಟಿರಲಿಲ್ಲ. ರಾತ್ರಿ ಹೊತ್ತು ಗೇಟು ಬಡಿದರೂ ಆಕೆಯೇ ಎದ್ದು ಚಿಲಕ ತೆಗೆಯುವಳು. ಸ್ಫೂರ್ತಿ ಒಂದೆರಡು ಸಲ, ಬೆಳಿಗ್ಗೆ ಕೇಂದ್ರಕ್ಕೆ ಕಳಿಸಿ ಅಮ್ಮ, ಅಲ್ಲಾದರೆ ಔಷಧಿ ಇರುತ್ತೆ, ಟೆಸ್ಟ್ ಮಾಡಬಹುದು ಎಂದು ಹೇಳಿ ನೋಡಿದಳು. ಹೂಂ ಹೂಂ ಎಂದು ಹನುಮವ್ವ ಇನ್ನೊಂದು ಚಮಚ ತುಪ್ಪ ಹಾಕಿದಳು.

ದೀಪಾವಳಿಯ ನಂತರ ಸ್ಫೂರ್ತಿ ಒಂದು ಕವರಿನಲ್ಲಿ ಬಾಡಿಗೆ ಇಟ್ಟುಕೊಂಡು ಕೆಳಗೆ ಬಂದಳು.

“ಇದನ್ನ ತಗೊಳ್ಳಲೇಬೇಕಮ್ಮ. ಇಲ್ಲಾಂದ್ರೆ ನನಗೆ ಇಲ್ಲಿ ಇರೋಕೆ ಮುಜುಗರ.”

“ಮಗಳು ಅವ್ವಗ ಬಾಡಿಗಿ ಕೊಡ್ತಾಳೇನವ್ವಾ?”

“ಬಾಡಿಗೆ ಕೊಟ್ರೆ ನನಗೂ ಒಂದು ಮಾತು ಹೇಳೋ ಧೈರ್ಯ ಬರುತ್ತೆ.”

ಯಾವ ಮಾತು ಎಂದು ಹನುಮವ್ವ ಕೇಳಲಿಲ್ಲ. ಕವರನ್ನು ಮಡಿಸಿ ಆಕೆಯ ಕೈಗೇ ತುರುಕಿ, ಗಲ್ಲ ಸವರಿ ಮೇಲೆ ಕಳಿಸಿದಳು. ಭರಮಪ್ಪ ಬಾಗಿಲ ಮರೆಯಲ್ಲಿ ನಿಂತು ಆ ಕವರು ಬಂದ ದಾರಿಯಲ್ಲೇ ಹೋದದ್ದನ್ನು ನೋಡಿ ನಿಟ್ಟುಸಿರು ಬಿಟ್ಟ.

ಇತ್ತ ದಾನೇಶ್ವರಿಯ ಬಸುರು ಬೆಳೆಯುತ್ತಿತ್ತು. ಕೇಂದ್ರದಲ್ಲಿ ಗುರುವಾರ ಬಸುರಿಯರ ದಿನ. ತೂಕ, ರಕ್ತ, ಬಿ.ಪಿ. ಎಲ್ಲ ಅವತ್ತೇ ನೋಡುತ್ತಾರೆ. ತಪ್ಪದೆ ಕರೆದುಕೊಂಡು ಬನ್ನಿ ಎಂದು ಸ್ಫೂರ್ತಿ ಮೊದಲೇ ಹೇಳಿದ್ದಳು. ನಾಲ್ಕನೇ ತಿಂಗಳಲ್ಲೇ ಅತ್ತೆ ಸೊಸೆ ಒಂದು ಸಲ ಹೋಗಿದ್ದರು. ಮೊದಲನೇ ಬಸುರೇ ಎಂದು ನಾಗಲಕ್ಷ್ಮಮ್ಮ ಕೇಳಿದ್ದಕ್ಕೆ ದಾನೇಶ್ವರಿ ಬಾಯಿ ತೆರೆಯುವ ಮೊದಲೇ ಹನುಮವ್ವ ಹೌದು ಅಂದುಬಿಟ್ಟಳು. ಆಮೇಲೆ ಸಾಲಿನಲ್ಲಿ ಕೂರಿಸಿದರು. ಅಷ್ಟು ಹೊತ್ತಿಗೆ ಲಕ್ಷ್ಮಮ್ಮ ಆ ದಾರಿಯಲ್ಲಿ ಬಂದವಳು, ಮನೆಯಲ್ಲೇ ಡಾಕ್ಟರನ್ನು ಇಟ್ಟುಕೊಂಡು ನೀನೂ ನಮ್ಮ ಹಾಗೆ ಸಾಲಿನಲ್ಲಿ ಕೂತಿದ್ದೀಯಲ್ಲ ಎಂದು ನಕ್ಕಳು. ಸುತ್ತ ಕೂತವರೂ ನಕ್ಕರು. ಹನುಮವ್ವನ ಮುಖ ಚಿಕ್ಕದಾಯಿತು. ಹೌದಲ್ಲ, ಹತ್ತು ಜನರ ಕಣ್ಣಿಗೆ ಬಸುರಿಯನ್ನು ಒಡ್ಡಿಕೊಂಡು ಇಲ್ಲೇಕೆ ಕೂರಬೇಕು? ಸೊಸೆಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದಳು.

ಆಮೇಲೆ ಪ್ರತಿ ಗುರುವಾರವೂ ಮನೆಯಲ್ಲೇ ತೋರಿಸೋಣ ಎಂದಾಯಿತು. ಮನೆಯಲ್ಲಿ ತೋರಿಸಲು ಹೊತ್ತೆಲ್ಲಿ? ಸಂಜೆ ಮೆಟ್ಟಿಲ ತುಂಬ ಬೇರೆಯವರು. ಅವರೆಲ್ಲ ಹೋಗುವ ಹೊತ್ತಿಗೆ ಸ್ಫೂರ್ತಿಯ ಕಣ್ಣು ಎಳೆಯುತ್ತಿರುತ್ತಿತ್ತು. ಹೇಗಿದ್ದೀಯಾ ಎಂದು ದಾನೇಶ್ವರಿಯನ್ನು ಕೇಳುವಳು, ಇವಳು ಚೆನ್ನಾಗಿದ್ದೀನಿ ಅನ್ನುವಳು. ಗುರುವಾರ ಹೋಗುತ್ತಿದ್ದಾಳೆ ತಾನೇ ಎಂದರೆ ಹನುಮವ್ವ ಒಳಗಿನಿಂದಲೇ ಹೋಗುತ್ತಾಳೆ ಎಂದು ಕೂಗಿ ಹೇಳುವಳು. ಕೇಂದ್ರದಲ್ಲಿ ಗುರುವಾರ ಬರುವ ಬಸುರಿಯರ ಗದ್ದಲದಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಒಬ್ಬ ನರ್ಸು, ಒಬ್ಬ ಡಾಕ್ಟರು ಎಲ್ಲಿ ನೋಡಿಯಾರು? ದಿನಾ ಕಣ್ಣೆದುರಿಗೇ ಓಡಾಡುವವಳನ್ನು ನೋಡಿದ ಹಾಗೇ ಆಯಿತು ಎಂದುಕೊಂಡು ಎಲ್ಲರೂ ನೆಮ್ಮದಿಯಾಗಿದ್ದರು.

ಸಂಕ್ರಾಂತಿಗೆ ಸ್ಫೂರ್ತಿಯ ಅಪ್ಪ ಇರಣ್ಣನವರು ಎಳ್ಳುಬೆಲ್ಲ ತೆಗೆದುಕೊಂಡು ಮಗಳನ್ನು ನೋಡಲು ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹಣೆಯಲ್ಲಿ ವಿಭೂತಿ, ಮೃದುವಾದ ಮಾತು. ಮೆಟ್ಟಿಲ ಮೇಲಿನ ಜನರನ್ನು ದಾಟಿಕೊಂಡು ಅವರು ಮೇಲೆ ಹೋಗುವುದೇ ಕಷ್ಟವಾಯಿತು. ಯಾರೋ ಅವರಿಗೂ ಸಾಲಿನಲ್ಲಿ ಬನ್ನಿ ಸಾರ್ ಅಂದರಂತೆ. ಹೊರಡುವಾಗ ಹನುಮವ್ವನೆದುರು ನಿಂತು ಕೈಮುಗಿದರು.

“ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ ತಾಯಿ. ನಿಮ್ಮ ಋಣ ದೊಡ್ಡದು. ಆದರೆ ಅವಳು ಉಣ್ಣೋ ಹೊತ್ತಲ್ಲಾದ್ರೂ ಒಂಚೂರು ಬಿಟ್ಟುಬಿಡಿ.”

ಹನುಮವ್ವನಿಗೆ ಬೆಂಕಿ ಮುಟ್ಟಿದಂತಾಯಿತು. ನಾನು ತುಪ್ಪ ಹಾಕಿ ಉಣ್ಣಿಸುತ್ತಿದ್ದರೆ ಬಿಟ್ಟುಬಿಡಿ ಅನ್ನುತ್ತಾರಲ್ಲ, ಇವರ ನಾಲಿಗೆಗೆ ಏನಾಗಿದೆ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಆ ಸಿಟ್ಟು ಇಳಿಯುವ ಮೊದಲೇ ಇನ್ನೊಂದು ಸುದ್ದಿ ಬಂತು. ನಾಗಲಕ್ಷ್ಮಮ್ಮ ಗೇಟಿನ ಹತ್ತಿರ ನಿಂತು, ವೈಟ್‌ಫೀಲ್ಡ್ ಕಡೆ ಯಾವುದೋ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಮೇಡಂಗೆ ಕೆಲಸ ನೋಡಿದ್ದಾರಂತೆ, ಹೋಗುವ ಮನಸ್ಸಿದ್ದ ಹಾಗಿದೆ ಎಂದು ಪಿಸುಗುಟ್ಟಿದಳು.

ದಾನೇಶ್ವರಿಗೆ ಆಗಲೇ ಏಳು ಮುಗಿದು ಎಂಟಕ್ಕೆ ಬಿದ್ದಿತ್ತು. ಆ ಸಿಗ್ನಲ್ಲು, ಆ ಲಾರಿಗಳು, ಸೊಸೆಯ ತೊಡೆಯ ಮೇಲಿದ್ದ ತನ್ನ ಒದ್ದೆ ಸೆರಗು ಎಲ್ಲ ಕಣ್ಣಿಗೆ ಕಟ್ಟಿತು. ಡಾಕ್ಟರು ಹೋದರೆ ಈ ಕೂಸೂ ಹೋದ ಹಾಗೆಯೇ ಎಂದು ಆಕೆಯ ಮನಸ್ಸು ತೀರ್ಮಾನ ಮಾಡಿಬಿಟ್ಟಿತು.

ಹೇಗಾದರೂ ಹಿಡಿದು ನಿಲ್ಲಿಸಬೇಕಲ್ಲ. ಆಕೆಗೆ ಗೊತ್ತಿದ್ದ ದಾರಿ ಒಂದೇ. ಬುಧವಾರ ಬೆಳಿಗ್ಗೆಯಿಂದ ಕೂತು ಹೋಳಿಗೆ ಮಾಡಿದಳು. ಸಂಜೆ ಲಕ್ಷ್ಮಮ್ಮ, ಚಿನ್ನಪ್ಪ, ಬೀದಿಯ ಹತ್ತಾರು ಹೆಂಗಸರನ್ನು ಕೂಡಿಸಿಕೊಂಡು, ಚಿನ್ನಪ್ಪನ ಕೈಗೆ ಒಂದು ಸೇವಂತಿಗೆ ಹಾರ ಕೊಟ್ಟು, ನಮ್ಮನ್ನು ಬಿಟ್ಟು ಹೋಗಬೇಡಿ ಎಂದು ಎಲ್ಲರೂ ಕಾಲಿಗೆ ಬೀಳೋಣ ಎಂದು ಮೆಟ್ಟಿಲು ಹತ್ತಿದಳು. ಸ್ಫೂರ್ತಿ ಆಗಷ್ಟೇ ಕೇಂದ್ರದಿಂದ ಬಂದು ಮುಖ ತೊಳೆಯುತ್ತಿದ್ದಳು. ಬಾಗಿಲಲ್ಲಿ ಅಷ್ಟೊಂದು ಜನರನ್ನು ನೋಡಿ ಆ ಹುಡುಗಿ ಬೆಚ್ಚಿದಳು. ಚಿನ್ನಪ್ಪ ಹಾರ ಹಾಕಲು ಹೋದ. ಲಕ್ಷ್ಮಮ್ಮ ನಿಜವಾಗಿಯೂ ಕಾಲು ಹಿಡಿದಳು, ಹಿಡಿದವಳು ಏಳುವಾಗ ಹೇಗೂ ಬಂದಿದ್ದೀನಿ, ಈ ಮಂಡಿ ಒಂದ್ಸಲ ನೋಡಿಬಿಡವ್ವ ಅಂದಳು.

ಸ್ಫೂರ್ತಿಯ ಕಣ್ಣಲ್ಲಿ ನೀರು ಬಂತು.

“ನನಗೆ ಹೋಳಿಗೆ ಬೇಡಮ್ಮ. ಹಾರಾನೂ ಬೇಡ. ಬಾಗಿಲು ಹಾಕ್ಕೊಂಡು ಒಂದು ಸಂಜೆ ಒಬ್ಬಳೇ ಕೂತ್ಕೊಳ್ಳೋಕೆ ಬಿಡಿ, ಅಷ್ಟು ಸಾಕು. ಬೆಳಿಗ್ಗೆಯಿಂದ ಅಲ್ಲಿ ಎಲ್ಲರನ್ನೂ ನೋಡಿ ಬಂದಿರ್ತೀನಿ. ಇಲ್ಲಿ ನಾನು ಯಾರನ್ನೂ ಬೇಡ ಅನ್ನೋ ಹಾಗಿಲ್ಲ, ನಿಮ್ಮ ಮನೆ ಊಟ ಮಾಡ್ತೀನಲ್ಲ. ನನ್ನ ಕೈಲಿ ಆಗ್ತಾ ಇಲ್ಲಮ್ಮ.”

ಬಾಗಿಲು ಹಾಕಿಕೊಂಡಿತು. ಜನ ಒಬ್ಬೊಬ್ಬರಾಗಿ ಇಳಿದರು. ಚಿನ್ನಪ್ಪ ಹಾರವನ್ನು ಏನು ಮಾಡುವುದೆಂದು ತಿಳಿಯದೆ ಗೇಟಿಗೆ ಹಾಕಿ ಹೋದ.

ಕೆಳಗೆ ಬಂದ ಹನುಮವ್ವ ಸಿಕ್ಕವರ ಮೇಲೆಲ್ಲ ಹರಿಹಾಯ್ದಳು. ಅವರಪ್ಪ ಕಿವಿಯೂದಿದ, ಚಿನ್ನಪ್ಪ ಹಾರ ಸರಿಯಾಗಿ ಹಾಕಲಿಲ್ಲ, ಈ ಕಾಲದ ಹುಡುಗಿಯರಿಗೆ ಉಪಕಾರ ಸ್ಮರಣೆ ಇಲ್ಲ. ಬಸಲಿಂಗ ಆಗಷ್ಟೇ ಶೆಡ್ಡಿನಿಂದ ಬಂದು ಎಣ್ಣೆ ಕೈ ತೊಳೆಯುತ್ತಿದ್ದವನು, ಇನ್ನು ಸಾಕು ಬಿಡವ್ವ ಅಂದ. ಭರಮಪ್ಪ, ಬಾಡಿಗೆ ತೆಗೆದುಕೊಂಡಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ ಎಂದು ಗೊಣಗಿದ. ಅವನಿಗೂ ಸರಿಯಾಗಿ ಬಿತ್ತು.

ಅಷ್ಟರಲ್ಲಿ ಒಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದ ದಾನೇಶ್ವರಿ ಬಾಯಿಬಿಟ್ಟಳು. ಆ ಮನೆಗೆ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದ ಹುಡುಗಿಯಲ್ಲ.

“ಅತ್ತೀ, ಊರ ಮಂದಿ ಎಲ್ಲಾ ಆ ಮೆಟ್ಲ ಹತ್ತಿ ಇಳದ್ರು. ನಾ ಒಬ್ಬಾಕಿ ಹತ್ತಿಲ್ಲ. ನಿನ್ನೀಲಿಂದ ತಲಿ ಸಿಡಿಯಾಕತ್ತೈತಿ. ಕಣ್ಣ ಮುಂದ ಮಿಂಚಿದಂಗ ಆಗ್ತೈತಿ. ಯಾರ ಮುಂದ ಹೇಳ್ಲಿ? ಅಕಿ ದಣದು ಬಂದಿರ್ತಾಳ, ನೀವು ಲಕ್ಷ್ಮಮ್ಮನ ಮಂಡಿ ತೋರಸಾಕತ್ತಿರ್ತೀರಿ.”

ಹನುಮವ್ವ ಸೊಸೆಯ ಕಾಲ ಮೇಲಿನ ಸೀರೆ ಸರಿಸಿದಳು. ಪಾದ ಊದಿಕೊಂಡು ಬೆಳ್ಳಿ ಕಾಲುಂಗುರ ಮಾಂಸದೊಳಗೆ ಹೂತಿತ್ತು. ದಿನಾ ಸೊಸೆಯ ಕೈಯಿಂದಲೇ ಊಟ ಬಡಿಸಿಕೊಂಡು ಉಂಡ ಅತ್ತೆ ಈ ಕಾಲನ್ನು ನೋಡಿರಲಿಲ್ಲ.

ಹನುಮವ್ವ ಎದ್ದು ಮೆಟ್ಟಿಲ ಕಡೆ ಓಡಿದಳು. ಅರ್ಧ ಹತ್ತಿದಳು. ಎದುರಿಗೆ ಹಾಕಿದ ಬಾಗಿಲು. ಯಾರ್ಯಾರಿಗೋಸ್ಕರವೋ ಆ ಬಾಗಿಲನ್ನು ತಟ್ಟಿದ ಕೈ ಇವತ್ತು ಮೇಲೇಳಲಿಲ್ಲ. ಈಗಷ್ಟೇ ಆ ಹುಡುಗಿ ಅತ್ತದ್ದು, ಒಬ್ಬಳೇ ಕೂರಲು ಬಿಡಿ ಎಂದದ್ದು ಕಿವಿಯಲ್ಲೇ ಇತ್ತು. ಈಗ ಹೋಗಿ ತಟ್ಟಿದರೆ ನಾಳೆ ಬೆಳಿಗ್ಗೆಯೇ ಗಂಟು ಕಟ್ಟುತ್ತಾಳೆ ಎಂಬ ಹೆದರಿಕೆ ಒಂದು ಕಡೆ, ಮುಖ ತೋರಿಸುವ ನಾಚಿಕೆ ಇನ್ನೊಂದು ಕಡೆ. ಹಿಂದಿನಿಂದ ಬಂದ ದಾನೇಶ್ವರಿ ಕೈಹಿಡಿದು ಇಳಿಸಿದಳು. ನಾಳೆ ಗುರುವಾರ, ಸಾಲಿನಲ್ಲಿ ಕೂತು ತೋರಿಸಿಕೊಳ್ಳುತ್ತೇನೆ ಅಂದಳು. ಹನುಮವ್ವ ಸೊಸೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಅವಳ ಉಸಿರು ಕೇಳುತ್ತ ಮಲಗಿದಳು.

ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅತ್ತೆ ಸೊಸೆ ಅಲ್ಲಿದ್ದರು. ಸರದಿ ಬಂದಾಗ ಸ್ಫೂರ್ತಿ ತಲೆಯೆತ್ತಿ ನೋಡಿ ಕಣ್ಣು ಕಿರಿದು ಮಾಡಿದಳು. ದಾನೇಶ್ವರಿಯ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದಳು. ಒಂದು ಸಲ ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದಳು. ಎರಡರಲ್ಲೂ ಬಿ.ಪಿ. ಮಿತಿಮೀರಿತ್ತು.

“ತಲೆನೋವು ಎಷ್ಟು ದಿನದಿಂದ?”

“ಮೊನ್ನೀಲಿಂದ್ರಿ.”

“ಇದು ಮೊದಲನೇ ಮಗು ಅಲ್ವಾ?”

ಹನುಮವ್ವ ಬಾಯಿ ತೆರೆದಳು. ದಾನೇಶ್ವರಿ ಅತ್ತೆಯ ಕಡೆ ನೋಡದೆ ಹೇಳಿದಳು: “ಎರಡನೇದ್ರಿ. ಮೊದಲನೇದು ಹಿಂಗ ಆಗಿ ಹೋತು.”

ಸ್ಫೂರ್ತಿಯ ಮುಖದ ಬಣ್ಣವೇ ಹೋಯಿತು. ಬೈಯಲಿಲ್ಲ. ಬೈದಿದ್ದರೆ ಹನುಮವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು. ನಾಗಲಕ್ಷ್ಮಮ್ಮನಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿ, ಒಂದು ಇಂಜೆಕ್ಷನ್ ಹಾಕಿ, ದೊಡ್ಡಾಸ್ಪತ್ರೆಯಲ್ಲಿದ್ದ ಯಾರೋ ಗೆಳತಿಗೆ ತಾನೇ ಫೋನ್ ಮಾಡಿ ಇಂಗ್ಲಿಷಿನಲ್ಲಿ ಬಡಬಡನೆ ಮಾತಾಡಿದಳು. ಆಮೇಲೆ ಹನುಮವ್ವನ ಕಡೆ ತಿರುಗಿದಳು.

“ನಿನ್ನೆ ರಾತ್ರಿನೇ ಯಾಕಮ್ಮ ಬಾಗಿಲು ತಟ್ಟಲಿಲ್ಲ? ಇದಕ್ಕೆ ತಟ್ಟಬೇಕಿತ್ತು.” ಆಮೇಲೆ ಸಣ್ಣ ದನಿಯಲ್ಲಿ, “ದಿನಾ ಕಣ್ಣೆದುರಿಗೇ ಇದ್ಲು. ನಾನೂ ನೋಡಲಿಲ್ಲ,” ಅಂದಳು.

ಆಂಬುಲೆನ್ಸಿನಲ್ಲಿ ಸ್ಫೂರ್ತಿಯೂ ಹತ್ತಿದಳು. ಅದೇ ಸಿಗ್ನಲ್ಲು, ಅವೇ ಲಾರಿಗಳು. ಸೈರನ್ ಎಷ್ಟು ಕೂಗಿದರೂ ಮುಂದಿನ ಟ್ಯಾಂಕರ್ ಸರಿಯಲು ಜಾಗವೇ ಇರಲಿಲ್ಲ. ಹನುಮವ್ವ ಕಣ್ಣು ಮುಚ್ಚಿಕೊಂಡು ಬಸವಣ್ಣನನ್ನು, ಎಲ್ಲಮ್ಮನನ್ನು, ಊರ ದ್ಯಾಮವ್ವನನ್ನು ಒಬ್ಬರನ್ನೂ ಬಿಡದೆ ಕರೆದಳು. ಕಣ್ಣು ತೆರೆದರೆ ಸ್ಫೂರ್ತಿ ದಾನೇಶ್ವರಿಯ ಮಣಿಕಟ್ಟು ಹಿಡಿದುಕೊಂಡು, ಅವಳನ್ನು ಸುಮ್ಮನೆ ಮಾತಾಡಿಸುತ್ತ ಎಚ್ಚರವಾಗಿ ಇಟ್ಟಿದ್ದಳು. ಸುದ್ದಿ ತಿಳಿದು ಓಡಿಬಂದ ಬಸಲಿಂಗ ಬೈಕಿನಲ್ಲಿ ಮುಂದೆ ಮುಂದೆ ಹೋಗಿ ಗಾಡಿಗಳವರನ್ನು ಬೇಡಿಕೊಂಡು ಸರಿಸುತ್ತಿದ್ದ.

ಕೂಸನ್ನು ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ಬೊಗಸೆಯಲ್ಲಿ ಹಿಡಿಸುವಷ್ಟೇ ಇತ್ತು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ದಾನೇಶ್ವರಿ ಎರಡು ದಿನ ಕಣ್ಣು ಸರಿಯಾಗಿ ತೆರೆಯಲಿಲ್ಲ, ಮೂರನೇ ದಿನ ಕೂಸಿಗೆ ಹೆಸರಿಟ್ಟಿರಾ ಎಂದು ಕೇಳಿದಳು. ಹನುಮವ್ವ ಆಸ್ಪತ್ರೆಯ ವರಾಂಡದಲ್ಲೇ ದಿನ ಕಳೆದಳು. ಭರಮಪ್ಪ ಪಾಳಿ ಮುಗಿಸಿ ಅನ್ನ ಸಾರು ತಾನೇ ಮಾಡಿ ಡಬ್ಬಿಯಲ್ಲಿ ತರುತ್ತಿದ್ದ. ಉಪ್ಪು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆಕೆ ಒಂದು ಮಾತೂ ಅನ್ನದೆ ಉಂಡಳು.

ಮಹಾಶಿವರಾತ್ರಿಯ ಹಿಂದಿನ ಭಾನುವಾರ ತಾಯಿ ಮಗು ಮನೆಗೆ ಬಂದರು. ಅದೇ ಭಾನುವಾರ ಸ್ಫೂರ್ತಿ ರೂಮು ಖಾಲಿ ಮಾಡಿದಳು. ಇರಣ್ಣನವರು ಒಂದು ಟೆಂಪೋ ತಂದಿದ್ದರು. ಹುಡುಗಿ ಕೆಳಗೆ ಬಂದು ಕೂಸನ್ನು ನೋಡಿದಳು, ದಾನೇಶ್ವರಿಯ ಕೈ ಹಿಡಿದು ಕೂತಳು. ಹನುಮವ್ವನಿಗೆ ಹೇಳಲು ಬಾಯಿ ತುಂಬ ಮಾತಿತ್ತು. ಹೋಗಬೇಡ ಅನ್ನಬೇಕಿತ್ತು, ತಪ್ಪಾಯಿತು ಅನ್ನಬೇಕಿತ್ತು, ತಿರುಗಿ ಕೇಂದ್ರಕ್ಕೆ ಬರುತ್ತೀಯೋ ಇಲ್ಲ ಆ ವೈಟ್‌ಫೀಲ್ಡ್ ಸೇರುತ್ತೀಯೋ ಎಂದು ಕೇಳಬೇಕಿತ್ತು. ಕೇಳಿದರೆ ಮತ್ತೆ ಕಟ್ಟಿಹಾಕಿದ ಹಾಗಾದೀತೆಂದು ನುಂಗಿಕೊಂಡಳು. ಬರ್ತೀನಮ್ಮ ಎಂದು ಹೇಳಿ ಸ್ಫೂರ್ತಿ ಟೆಂಪೋ ಹತ್ತಿದಳು.

ಬೀದಿಯವರು ಸುಮ್ಮನಿದ್ದಾರೆಯೇ? ಇದ್ದೊಬ್ಬ ಡಾಕ್ಟರನ್ನೂ ಓಡಿಸಿದಳು ಹನುಮವ್ವ ಎಂದು ಲಕ್ಷ್ಮಮ್ಮನೇ ಮೊದಲು ಶುರು ಮಾಡಿದಳು. ಹನುಮವ್ವ ತಿರುಗಿ ಬೈಯಲಿಲ್ಲ. ಬೈಯಲು ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಸೋಮವಾರ ಬೆಳಿಗ್ಗೆ ಕೂಸಿಗೆ ನೀರು ಹಾಕಿ, ಬಾಣಂತಿಗೆ ಖಾರ ಅರೆದಿಟ್ಟು, ಹನುಮವ್ವ ಕೇಂದ್ರಕ್ಕೆ ಹೋದಳು. ತನಗೇ ಯಾಕೋ ಕೆಲವು ದಿನದಿಂದ ತಲೆ ತಿರುಗುತ್ತಿತ್ತು, ಅದು ನೆಪ. ಸಾಲಿನಲ್ಲಿ ಕೂತಳು. ಒಳಗೆ ಡಾಕ್ಟರ ಕುರ್ಚಿ ಖಾಲಿ. ನಾಗಲಕ್ಷ್ಮಮ್ಮನನ್ನು ಕೇಳಿದರೆ ನನಗೇನು ಗೊತ್ತಮ್ಮ ಅಂದಳು. ಹೊತ್ತು ಏರಿತು. ಎಳೆ ಮಕ್ಕಳು ರಚ್ಚೆ ಹಿಡಿದವು. ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ ಎಂದು ಒಬ್ಬರು ಎದ್ದು ಹೋದರು, ಇನ್ನೊಬ್ಬರೂ ಎದ್ದರು. ಹನುಮವ್ವ ಏಳಲಿಲ್ಲ. ಎದ್ದರೆ ಅದೇ ನಿಜವಾಗಿಬಿಡುತ್ತದೆ ಎನ್ನಿಸಿ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಆಮೇಲೆ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಸ್ಫೂರ್ತಿ ಇಳಿದಳು. ಬೆವತ ಮುಖ, ಕೆದರಿದ ಕೂದಲು, ಬನಶಂಕರಿಯಿಂದ ಬರುವಾಗ ಮೈಸೂರು ರಸ್ತೆಯಲ್ಲಿ ಬಸ್ಸು ನಿಂತುಬಿಟ್ಟಿತ್ತೆಂದು ನಾಗಲಕ್ಷ್ಮಮ್ಮನಿಗೆ ಹೇಳುತ್ತಲೇ ಒಳಗೆ ಹೋದಳು. ಸಾಲಿನಲ್ಲಿದ್ದ ಹನುಮವ್ವನನ್ನು ನೋಡಿದಳೋ ಇಲ್ಲವೋ. ನಾಗಲಕ್ಷ್ಮಮ್ಮ ಮಾತ್ರ ನೋಡಿ, ನೀವು ಮುಂದೆ ಬನ್ನಿ ಎಂದು ಕಣ್ಸನ್ನೆ ಮಾಡಿದಳು. ಹನುಮವ್ವ ತಲೆಯಾಡಿಸಿ ಕೂತಲ್ಲೇ ಕೂತಳು.

ಸರದಿ ಬಂತು. ಸ್ಫೂರ್ತಿ ಎಲ್ಲರನ್ನೂ ಕೇಳುವ ಹಾಗೆ ಏನು ತೊಂದರೆ ಎಂದು ಕೇಳಿದಳು. ತಲೆ ತಿರುಗುತ್ತದೆ ಎಂದು ಹನುಮವ್ವ ಹೇಳಿದಳು. ತೋಳಿಗೆ ಪಟ್ಟಿ ಬಿತ್ತು. ಅದು ಬಿಗಿಯಾಗುತ್ತ ಹೋದಂತೆ ಆಕೆಯ ಗಂಟಲಿಗೆ ಆ ಮಾತು ಬಂದೇಬಿಟ್ಟಿತು.

“ಡಾಕ್ಟ್ರವ್ವಾ, ನೀವು ಇನ್ನ ಮುಂದ...”

“ಬಿ.ಪಿ. ನೋಡ್ವಾಗ ಮಾತಾಡಬಾರದಮ್ಮ. ಒಂಚೂರು ಸುಮ್ಮನಿರಿ.”

ಹುಟ್ಟಿದಾಗಿನಿಂದ ಯಾರು ಹೇಳಿದರೂ ಸುಮ್ಮನಿರದ ಹೆಂಗಸು ಸುಮ್ಮನಾದಳು. ತುಟಿ ಬಿಗಿಹಿಡಿದು, ಉಸಿರನ್ನೂ ಸದ್ದಾಗದಂತೆ ಬಿಡುತ್ತ, ಆ ಹುಡುಗಿಯ ಬಗ್ಗಿದ ತಲೆಯನ್ನೇ ನೋಡುತ್ತ ಕೂತಳು.

ಸ್ಫೂರ್ತಿ ಪಟ್ಟಿ ಬಿಚ್ಚಿದಳು.

“ಸ್ವಲ್ಪ ಜಾಸ್ತಿ ಇದೆ. ಉಪ್ಪು ಕಮ್ಮಿ ಮಾಡಿ. ಈ ಮಾತ್ರೆ ತಗೊಂಡು ಮುಂದಿನ ಸೋಮವಾರ ಬನ್ನಿ, ನಾನೇ ಮತ್ತೆ ನೋಡ್ತೀನಿ.”

ಹನುಮವ್ವನ ಕಣ್ಣು ತುಂಬಿ ಬಂತು. ಬರ್ತೀನ್ರಿ ಎಂದಷ್ಟೇ ಹೇಳಿ, ಮಾತ್ರೆ ತೆಗೆದುಕೊಂಡು, ಹಿಂದಿನವರಿಗೆ ಜಾಗ ಬಿಟ್ಟು ಎದ್ದಳು.